ಶಾಲೆ ಮಕ್ಕಳ ಅಣಬೆ ನಡಿಗೆ: ತೋಟದೊಳಗೆ ಫಸ್ಟ್ ಕ್ಲಾಸ್, ಪರದೆ ಮುಂದೆ ಸುಮಾರು

ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೋಗಿ. ಐದಕ್ಕೆ ನಾಲ್ಕು ಕೊಡುತ್ತೇನೆ. ತೋಟದೊಳಗಿನ ನಡಿಗೆ ತುಂಬಾ ಚೆನ್ನಾಗಿದೆ. ಊಟದ ನಂತರದ ಸ್ಲೈಡ್ ಶೋ ಸುಮ್ನೆ ಟೈಮ್ ವೇಸ್ಟ್. ಮತ್ತೆ, "ಇದನ್ನು ತಿನ್ನಬಹುದಾ" ಅಂತ ಮಕ್ಕಳು ಕೇಳಿದಾಗ ಅಲ್ಲಿನವರೊಬ್ಬರು ಕೊಟ್ಟ ಉತ್ತರ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕೆಳಗೆ ಬರೆದಿದ್ದೇನೆ. ಬೇರೆ ಏನು ಬಿಟ್ಟರೂ ಅದೊಂದನ್ನು ಓದಿ.

ಇದು ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿ ಶಾಲೆ ಮಕ್ಕಳಿಗಾಗಿ ಮಳೆಗಾಲದಲ್ಲಿ ಮಾತ್ರ ನಡೆಸುವ ಕಾರ್ಯಕ್ರಮ. ತೋಟದಲ್ಲಿ ಹೋಂಸ್ಟೇ ಇದೆ. ಮಳೆ ಜೋರಾಯಿತೆಂದರೆ ಪ್ರವಾಸಿಗರು ಕಡಿಮೆ, ರೂಮುಗಳು ಖಾಲಿ. ಆ ಸಮಯಕ್ಕೆ ಇದನ್ನು ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಒಂಬತ್ತೂವರೆಗೆ ಶುರು, ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಮಗುವಿಗೆ 250 ರೂಪಾಯಿ, ಊಟ ಸೇರಿ. ಸರ್ಕಾರಿ ಶಾಲೆ ಅಂದರೆ 150. ಟೀಚರುಗಳಿಗೆ ದುಡ್ಡಿಲ್ಲ. ನಮ್ಮದು ಸಣ್ಣ ಜಿಲ್ಲೆ, ಹೊಗಳಿದ್ದಕ್ಕಿಂತ ಬೈದದ್ದೇ ಎಲ್ಲರಿಗೂ ನೆನಪಿರುತ್ತದೆ, ಅದಕ್ಕೇ ಹೆಸರು ಹಾಕಿಲ್ಲ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಏಳು ಮತ್ತು ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು.

ಕೊಡಗಿನ ಮಕ್ಕಳಿಗೆ ಶಿಲೀಂಧ್ರ ಹೊಸದೇನಲ್ಲ. ಜುಲೈಯಲ್ಲಿ ಬೀರು ತೆಗೆದರೆ ಬೆಲ್ಟಿಗೆ ಬೂಷ್ಟು, ಶೂ ಒಳಗೆ ಬೂಷ್ಟು, ಹೋದ ವರ್ಷದ ನೋಟ್‌ಬುಕ್ಕಿಗೂ ಬೂಷ್ಟು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕೊಡವರ ಮನೆಗಳಲ್ಲಿ ಬೈಂಬಳೆ (ಕಳಲೆ) ಕರಿ, ಕೆಂಬು (ಕೆಸು) ಕರಿ ಜೊತೆಗೆ ಕುಮ್ಮು (ಅಣಬೆ) ಕರಿಯೂ ಆಗುತ್ತದೆ. ಬೇರೆ ಮನೆಗಳಲ್ಲಿ ಅಣಬೆ ಸಾರು, ಅಣಬೆ ಪಲ್ಯ. ಮುಂಗಾರಿಗೆ ಮೊದಲು ದೊಡ್ಡವರು ಕಾಫಿಗೆ, ಮೆಣಸಿಗೆ ಬೋರ್ಡೋ (ರೋಗ ತಡೆಯುವ ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವುದನ್ನು ನೋಡಿಕೊಂಡೇ ಈ ಮಕ್ಕಳು ಬೆಳೆದಿರುತ್ತಾರೆ. ಅಂದರೆ ತಿನ್ನುವ ಅಣಬೆ ಗೊತ್ತು, ಬೆಳೆ ಹಾಳು ಮಾಡುವ ರೋಗ ಗೊತ್ತು. ಇವೆರಡರ ನಡುವೆ, ನಮ್ಮ ತಟ್ಟೆಗೂ ಬರದೆ, ನಮ್ಮ ಬೆಳೆಗೂ ಕೈ ಹಾಕದೆ, ವರ್ಷವಿಡೀ ಕಾಡಿನ ನೆಲದಲ್ಲಿ ತಮ್ಮ ಪಾಡಿಗೆ ದುಡಿಯುತ್ತಿರುವ ಜಾತಿಗಳೇ ಜಾಸ್ತಿ ಅಲ್ವಾ? ಅವುಗಳ ಬಗ್ಗೆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಪುಸ್ತಕದಲ್ಲಿ ಬ್ರೆಡ್ ಮೇಲಿನ ಬೂಷ್ಟಿನ ಚಿತ್ರ ಇದೆ, ಕೊಳೆತಿನಿ ಅಂತ ಒಂದು ಪದ ಇದೆ. ಪರೀಕ್ಷೆಗೆ ಅಷ್ಟು ಸಾಕು. ಅದರಾಚೆಗೆ ಏನಾದರೂ ತೋರಿಸುತ್ತಾರಾ ಅನ್ನುವುದು ನನ್ನ ಲೆಕ್ಕ. ತೋರಿಸಿದರು.

ಮೊದಲು ಬುಕ್ ಮಾಡಿದ ದಿನ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರು. ಫೋನ್ ಮಾಡಿದರೆ ಒಂದು ಮಾತೂ ಆಡದೆ ದಿನ ಬದಲಿಸಿಕೊಟ್ಟರು, ಕೊಟ್ಟ ಮುಂಗಡವನ್ನು ಹೊಸ ದಿನಕ್ಕೇ ಹಿಡಿದುಕೊಂಡರು. ಇದಕ್ಕೆ ಒಂದು ಥ್ಯಾಂಕ್ಸ್.

ನಡಿಗೆ ಶುರುವಾಗುವುದು ಕಣದ ಪಕ್ಕದ ಶೆಡ್ಡಿನಿಂದ. ನಡೆಸಿಕೊಡುವವರು ಪೊನ್ನಂಪೇಟೆಯಲ್ಲಿ ಅರಣ್ಯ ಶಾಸ್ತ್ರ ಓದಿದ ಒಬ್ಬ ಯುವಕ. ಜೊತೆಗೆ ಒಬ್ಬ ಸಹಾಯಕ, ತೋಟದ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳುವವರು), ಮತ್ತೆ ತೋಟದಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡುತ್ತಿರುವ ಒಬ್ಬ ಅಜ್ಜಿ. ಪ್ರತಿ ಇಬ್ಬರು ಮಕ್ಕಳಿಗೆ ಒಂದು ಭೂತಕನ್ನಡಿ ಕೊಟ್ಟರು. ಸಾಮಾನ್ಯವಾಗಿ ಇಂಥ ಕಡೆ ಇಡೀ ಕ್ಲಾಸಿಗೆ ಒಂದೋ ಎರಡೋ ಇರುತ್ತದೆ, ಹಿಂದೆ ನಿಂತವರಿಗೆ ಮುಂದಿನವರ ಕೊಡೆ ಮಾತ್ರ ಕಾಣುತ್ತದೆ. ಇಲ್ಲಿ ಹಾಗಾಗಲಿಲ್ಲ.

ಶುರುವಿನಲ್ಲಿ ಪಾಠ, ಭಾಷಣ ಯಾವುದೂ ಇಲ್ಲ. ನೇರವಾಗಿ ಮಕ್ಕಳನ್ನು ಎರಡು ಕೊಳೆತ ಮರದ ತುಂಡುಗಳ ಮುಂದೆ ಕೂರಿಸಿ, "ಕೈಯಲ್ಲಿ ಮುರಿಯಿರಿ" ಅಂದರು. ಒಂದು, ಬಿದ್ದು ವರ್ಷಗಳಾದ ಸಿಲ್ವರ್ ಓಕ್. ಇನ್ನೊಂದು, ಯಾವುದೋ ಹಳೇ ಮನೆಯ ತೊಲೆ. ಸಿಲ್ವರ್ ಓಕ್ ಬಿಳಿಚಿಕೊಂಡು ಒದ್ದೆಯಾಗಿತ್ತು, ಎಳೆದರೆ ನಾರು ನಾರಾಗಿ ಬಿಟ್ಟುಕೊಂಡು ಬಂತು. ತೊಲೆ ಕಂದು ಬಣ್ಣಕ್ಕೆ ತಿರುಗಿ ಅಡ್ಡ ಉದ್ದ ಬಿರುಕು ಬಿಟ್ಟಿತ್ತು. ಮುರಿದರೆ ಚೌಕ ಚೌಕ ತುಂಡು, ಬೆರಳಲ್ಲಿ ತಿಕ್ಕಿದರೆ ಪುಡಿ. ಎರಡನ್ನೂ ತಿಂದದ್ದು ಶಿಲೀಂಧ್ರವೇ, ಆದರೆ ತಿಂದ ರೀತಿ ಬೇರೆ. ಮರದಲ್ಲಿ ಸೆಲ್ಯುಲೋಸ್ ಇದೆ, ಅದನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಇದೆ. ಮೊದಲನೆಯದರಲ್ಲಿ ಶಿಲೀಂಧ್ರ ಲಿಗ್ನಿನ್ ಅನ್ನೇ ಒಡೆದಿದೆ, ಅದಕ್ಕೆ ಬಿಳಿ ನಾರು ಉಳಿದಿದೆ. ಎರಡನೆಯದರಲ್ಲಿ ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಟ್ಟಿದೆ, ಅದಕ್ಕೆ ಕಂದು ಪುಡಿ. ಲಿಗ್ನಿನ್ ಅನ್ನು ಪೂರ್ತಿ ಜೀರ್ಣ ಮಾಡಿಕೊಳ್ಳುವುದರಲ್ಲಿ ಈ ಬಿಳಿ ಕೊಳೆತದ ಶಿಲೀಂಧ್ರಗಳನ್ನು ಮೀರಿಸಿದವರಿಲ್ಲ. ಬಿಳಿ ಕೊಳೆತ, ಕಂದು ಕೊಳೆತ ಅನ್ನುವ ಹೆಸರನ್ನು ಅವರು ಕೊನೆಗೆ ಹೇಳಿದರು. ಮಕ್ಕಳ ಉಗುರಿನಲ್ಲಿ ಎರಡೂ ಬಣ್ಣ ಸೇರಿಕೊಂಡ ಮೇಲೆ. ಪಾಠ ಮಾಡುವವರಿಗೆ ಈ ಕ್ರಮ ಎಷ್ಟು ದೊಡ್ಡದು ಅಂತ ಗೊತ್ತು. ನಾವು ಶಾಲೆಯಲ್ಲಿ ಹೆಸರಿನಿಂದ ಶುರು ಮಾಡುತ್ತೇವೆ, ವಸ್ತುವಿನ ತನಕ ಹೋಗುವಷ್ಟರಲ್ಲಿ ಬೆಲ್ ಹೊಡೆಯುತ್ತದೆ.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಈ ತೋಟದಲ್ಲಿ ಪ್ರತಿ ವರ್ಷ ಇಷ್ಟು ಎಲೆ ಉದುರುತ್ತದೆ, ಮರಕಸಿ ಮಾಡಿದ (ನೆರಳಿನ ಮರ ಸವರಿದ) ಕೊಂಬೆ ಬೀಳುತ್ತದೆ. ಅದೆಲ್ಲ ಎಲ್ಲಿಗೆ ಹೋಯಿತು?"

"ಗೊಬ್ಬರ ಆಯ್ತು ಸರ್."

"ಯಾರು ಮಾಡಿದ್ದು?"

ಒಬ್ಬ ಎರೆಹುಳು ಅಂದ. ಒಬ್ಬಳು ಮಳೆ ಅಂದಳು. ಅವರು ಎರೆಹುಳುವಿಗೆ ಅರ್ಧ ಮಾರ್ಕು ಕೊಟ್ಟು, ಕಾಫಿ ಗಿಡದ ಬುಡದ ತರಗನ್ನು ಮೆಲ್ಲಗೆ ಮಗುಚಿದರು. ಮೇಲಿನ ಪದರ ಒಣಗಿದ ಎಲೆ. ಅದರ ಕೆಳಗೆ ಅರ್ಧ ಕರಗಿದ ಎಲೆಗಳು. ಒಂದನ್ನೊಂದು ಅಂಟಿಸಿ ಹೊಲಿದ ಹಾಗೆ ಬಿಳಿ ಎಳೆಗಳು. ಇನ್ನೂ ಕೆಳಗೆ ಎಲೆಯ ನರ ಮಾತ್ರ ಉಳಿದ ಜಾಲರಿ. ಅದರ ಕೆಳಗೆ ಕಪ್ಪು ಮಣ್ಣು. ಒಂದು ಗೇಣು ಆಳದೊಳಗೆ ಇಡೀ ಕಥೆ ಇದೆ. ಆ ಬಿಳಿ ಎಳೆಗಳೇ ನಿಜವಾದ ಶಿಲೀಂಧ್ರ, ಮೇಲೆ ಕಾಣುವ ಅಣಬೆ ಬೀಜಾಣು ಚೆಲ್ಲುವುದಕ್ಕೆ ಬಂದು ಹೋಗುವ ಒಂದು ಭಾಗ ಅಷ್ಟೇ ಅಂತ ಅವರು ಹೇಳಿದಾಗ, ಒಬ್ಬ ಹುಡುಗ ಕೂತಲ್ಲೇ ಸುತ್ತಲೂ ನೋಡಿ ಕಾಲು ಮೇಲೆತ್ತಿಕೊಂಡ. ತಾನು ಅದರ ಮೇಲೇ ಕೂತಿದ್ದೇನೆ ಅಂತ ಗೊತ್ತಾಯಿತಲ್ಲ.

ಎಷ್ಟು ದೊಡ್ಡದಾಗುತ್ತದೆ ಅಂತ ಯಾರೋ ಕೇಳಿದರು. ಅಮೆರಿಕದ ಓರೆಗಾನ್‌ನ ಕಾಡಿನಲ್ಲಿ ಆರ್ಮಿಲೇರಿಯಾ ಅನ್ನುವ ಒಂದೇ ಒಂದು ಶಿಲೀಂಧ್ರ ಸುಮಾರು 965 ಹೆಕ್ಟೇರ್ ಹಬ್ಬಿದೆ ಅಂದರು. "ಎಕರೆಯಲ್ಲಿ ಹೇಳಿ ಸರ್" ಅಂದ ಒಬ್ಬ. ಸುಮಾರು 2,400 ಎಕರೆ. ನಮ್ಮ ಕಡೆ 25 ಎಕರೆ ತೋಟ ಇದ್ದವರನ್ನೇ ದೊಡ್ಡ ಕುಳ ಅನ್ನುತ್ತಾರೆ. ಮಕ್ಕಳ ಮುಖ ನೋಡಬೇಕಿತ್ತು.

ಇದು ಗಿಡವಾ, ಪ್ರಾಣಿಯಾ ಅನ್ನುವ ಪ್ರಶ್ನೆಯೂ ಬಂತು. ಎರಡೂ ಅಲ್ಲ. ಹಸಿರು ಇಲ್ಲ, ಬಿಸಿಲಿನಿಂದ ಊಟ ಮಾಡಿಕೊಳ್ಳುವುದಿಲ್ಲ. ಕೋಶಗೋಡೆಯಲ್ಲಿ ಇರುವುದು ಕೈಟಿನ್, ಗದ್ದೆ ಏಡಿಯ ಚಿಪ್ಪಿನಲ್ಲಿ ಇರುವುದೂ ಅದೇ. ಅಮೆರಿಕದ ಜೀವವಿಜ್ಞಾನಿ ವಿಟ್ಟೇಕರ್ 1969ರಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಕ್ಕೆ ಬೇರೆಯೇ ಮನೆ ಕೊಟ್ಟರು. ಇದನ್ನು ಎರಡು ನಿಮಿಷದಲ್ಲಿ ಮುಗಿಸಿದರು, ಒಳ್ಳೆಯದೇ ಆಯಿತು.

ನಂತರ ಆನೆ ಲದ್ದಿ. ಹಿಂದಿನ ವಾರ ತೋಟಕ್ಕೆ ಆನೆ ಬಂದಿತ್ತಂತೆ. ಆ ಲದ್ದಿಯನ್ನು ಯಾರೂ ಮುಟ್ಟಬೇಡಿ ಅಂತ ಸುತ್ತ ಕೋಲು ನೆಟ್ಟು ಕಾದಿರಿಸಿದ್ದರು. ಲದ್ದಿ ಕಾದಿರಿಸುವ ಹೋಂಸ್ಟೇ ಇದೊಂದೇ ಇರಬೇಕು! ಅದರ ಮೇಲೆ ಬೆರಳಿನಷ್ಟೂ ಇಲ್ಲದ ಬೂದು ಟೋಪಿಯ ಅಣಬೆಗಳು, ಕಾಲು ಎಷ್ಟು ತೆಳ್ಳಗೆ ಅಂದರೆ ಉಸಿರು ಬಿಟ್ಟರೂ ಅಲುಗಾಡುತ್ತಿದ್ದವು. ಆನೆ ತಿಂದದ್ದರಲ್ಲಿ ಎಷ್ಟೋ ಭಾಗ ಜೀರ್ಣವಾಗದೆ ಹೊರಗೆ ಬರುತ್ತದೆ. ಉಳಿದ ನಾರನ್ನು ಇವು ಮುಗಿಸುತ್ತವೆ. ಮೂಗು ಮುಚ್ಚಿಕೊಂಡು ದೂರ ನಿಂತಿದ್ದ ಹುಡುಗಿಯರೇ ಆಮೇಲೆ ಭೂತಕನ್ನಡಿ ಕೊಡದೆ ಸತಾಯಿಸಿದರು.

ಈಗ ಹುತ್ತ. ಇಡೀ ದಿನದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು, ಮತ್ತೆ ಇದನ್ನು ತೋರಿಸಿದ್ದು ಅರಣ್ಯ ಓದಿದವರಲ್ಲ, ಅಜ್ಜಿ. ಹುತ್ತದ ಪಕ್ಕ ಗುಂಪಾಗಿ ಎದ್ದಿದ್ದ ಅಣಬೆಗಳಲ್ಲಿ ಒಂದನ್ನು ಬುಡದಲ್ಲಿ ಹಿಡಿದು, ಮಣ್ಣನ್ನು ಎರಡು ಬೆರಳಲ್ಲಿ ಸಡಿಲ ಮಾಡುತ್ತಾ, ತಿರುಗಿಸುತ್ತಾ, ಅವಸರವೇ ಇಲ್ಲದೆ ಮೇಲಕ್ಕೆ ಎಳೆದರು. ಅಣಬೆಯ ಕಾಲು ಮುಗಿಯಿತು ಅಂದುಕೊಂಡರೆ ಅದರ ಕೆಳಗೆ ಬೇರಿನ ಹಾಗೆ ಬಾಲ, ಗೇಣಿಗಿಂತ ಉದ್ದ. ತುದಿ ತುಂಡಾಗದೆ ಬಂತು. ನಾನಾಗಿದ್ದರೆ ಅರ್ಧಕ್ಕೇ ಕಿತ್ತುಬಿಡುತ್ತಿದ್ದೆ.

"ಅಜ್ಜಿ, ಇದನ್ನು ಕಿತ್ತರೆ ಮುಂದಿನ ವರ್ಷ ಬರಲ್ವಾ?"

"ಕಿತ್ತರೆ ಬರ್ತದೆ ಮಗ. ಹುತ್ತ ಒಡೆದರೆ ಬರೋದಿಲ್ಲ."

ಆ ಬಾಲ ನೆಲದೊಳಗಿನ ಗೆದ್ದಲಿನ ತೋಟಕ್ಕೆ ಹೋಗಿ ಸೇರುತ್ತದೆ. ಗೆದ್ದಲು ಕಟ್ಟಿಗೆ, ಎಲೆ ಅಗಿದು ತಂದು ಜೇನುಹಟ್ಟಿನಂಥ ಗೂಡು ಕಟ್ಟಿ, ಅದರ ಮೇಲೆ ಟರ್ಮಿಟೋಮೈಸಿಸ್ ಅನ್ನುವ ಶಿಲೀಂಧ್ರ ಬೆಳೆಸುತ್ತದೆ. ಗಟ್ಟಿ ನಾರನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಅದನ್ನು ತಿನ್ನುತ್ತದೆ. ಈ ಬೇಸಾಯ ಶುರುವಾಗಿ ಸುಮಾರು 3 ಕೋಟಿ ವರ್ಷ ಆಗಿದೆ. ನಾವು ಮನುಷ್ಯರು ಇನ್ನೂ ಈ ಅಣಬೆಯನ್ನು ಮಾರ್ಕೆಟ್ಟಿಗೆ ಬೇಕಾದಷ್ಟು ಬೆಳೆಸುವುದನ್ನು ಕಲಿತಿಲ್ಲ. ಮಳೆಗಾಲದಲ್ಲಿ ರಸ್ತೆ ಬದಿ ಇದು ಮಾರಾಟಕ್ಕೆ ಬಂದರೆ ಅಷ್ಟು ರೇಟು ಯಾಕೆ ಅಂತ ಈಗ ಮಕ್ಕಳಿಗೆ ಗೊತ್ತು.

ಇಲ್ಲಿ ಒಂದು ತಕರಾರು. ಉಳಿದವರನ್ನೆಲ್ಲ ಹೆಸರು, ಓದು ಹೇಳಿ ಪರಿಚಯ ಮಾಡಿಕೊಟ್ಟರು. ಅಜ್ಜಿಯನ್ನು ಮಾತ್ರ "ನಮ್ಮ ಕೆಲಸದವರು" ಅಂದರು. ಅಷ್ಟೇ. ನಮ್ಮ ಶಾಲೆಯಲ್ಲಿ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಗಳ) ಮಕ್ಕಳು ಜಾಸ್ತಿ. ಕಾಡು, ಅಣಬೆ, ಗೆಡ್ಡೆ ಗೆಣಸು ಅಂದರೆ ಅವರ ಮನೆಯ ಹಿರಿಯರಿಗೆ ನಮಗಿಂತ ಹತ್ತು ಪಟ್ಟು ಗೊತ್ತು. ಆ ಮಕ್ಕಳ ಮುಂದೆ ಅಜ್ಜಿಯನ್ನು ಟೀಚರ್ ಅಂತಲೇ ಪರಿಚಯಿಸಬೇಕಿತ್ತು. ಅವರಿಗೆ ಇನ್ನೂ ಅರ್ಧ ಗಂಟೆ ಜಾಸ್ತಿ ಕೊಟ್ಟು ಸ್ಲೈಡ್ ಶೋ ಕೈಬಿಟ್ಟಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ರೈಟರ್ ಅಣ್ಣನ ಪಾಲಿಗೆ ಬಂದದ್ದು ರೋಗದ ಭಾಗ. ಅರೇಬಿಕಾ ಗಿಡದ ಎಲೆ ಮಗುಚಿ ತೋರಿಸಿದರು. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟುತ್ತದೆ. ಎಲೆ ತುಕ್ಕು ರೋಗ, ಹೆಮಿಲಿಯಾ ವಾಸ್ಟಾಟ್ರಿಕ್ಸ್ ಅನ್ನುವ ಶಿಲೀಂಧ್ರ. 1869ರಲ್ಲಿ ಸಿಲೋನಿನ ಕಾಫಿ ತೋಟಗಳಲ್ಲಿ ಇದು ಕಾಣಿಸಿಕೊಂಡಿತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ನೆಲಕಚ್ಚಿ, ಆ ಜಾಗಕ್ಕೆ ಚಹಾ ಬಂತು. ಇವತ್ತು ಶ್ರೀಲಂಕಾ ಅಂದರೆ ಟೀ ಅನ್ನುವುದಕ್ಕೆ ಈ ಪುಡಿ ದೊಡ್ಡ ಕಾರಣ. ನಮ್ಮಲ್ಲಿ ಎಷ್ಟೋ ಜನ ಅರೇಬಿಕಾ ಬಿಟ್ಟು ರೋಬಸ್ಟಾ ಹಾಕಿದ್ದಕ್ಕೆ ಕಾಂಡ ಕೊರಕದ ಜೊತೆ ಇದೂ ಕಾರಣ.

ಬೋರ್ಡೋ ಮಾಡುವುದನ್ನು ಬಕೆಟ್ಟಿನಲ್ಲಿ ಸಣ್ಣದಾಗಿ ಮಾಡಿ ತೋರಿಸಿದರು. ಲೆಕ್ಕ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಸುಣ್ಣ ಬೇಕೆಂದೇ ಕಡಿಮೆ ಹಾಕಿ, ಉಜ್ಜಿ ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿಗೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತಿತ್ತು. ಇನ್ನಷ್ಟು ಸುಣ್ಣ ಬೆರೆಸಿ ಮತ್ತೆ ಅದ್ದಿದರೆ ಏನೂ ಇಲ್ಲ. ಆಗ ಹೊಡೆಯಬಹುದು, ಇಲ್ಲದಿದ್ದರೆ ಎಲೆ ಸುಟ್ಟುಹೋಗುತ್ತದೆ. ಇದು ಎಲ್ಲ ತೋಟದವರೂ ಮಾಡುವ ಪರೀಕ್ಷೆ, ಆದರೆ ಲೋಹಗಳ ಪಾಠ ಇದರಲ್ಲಿ ಹೀಗೆ ಕೂತಿದೆ ಅಂತ ನನಗೇ ಹೊಳೆದಿರಲಿಲ್ಲ.

ಅಷ್ಟೇ ಆಗಿದ್ದರೆ ಶಿಲೀಂಧ್ರ ಅಂದರೆ ವಿಲನ್ ಅಂತಾಗುತ್ತಿತ್ತು. ಅವರು ಅಲ್ಲಿಗೆ ಬಿಡಲಿಲ್ಲ. ಕಾಯಿ ಕೊರಕ ಹುಳು ತೂತು ಮಾಡಿದ ಕಾಫಿ ಕಾಯಿಗಳನ್ನು ತಂದರು. ಕೆಲವದರ ತೂತಿನ ಬಾಯಲ್ಲಿ ಹುಳು ಸತ್ತು ಬಿದ್ದಿತ್ತು, ಮೈಯೆಲ್ಲ ಬಿಳಿ ಬೂಷ್ಟು. ಅದು ಬ್ಯುವೇರಿಯಾ, ಹುಳುವನ್ನೇ ಹಿಡಿದು ಕೊಲ್ಲುವ ಶಿಲೀಂಧ್ರ, ಅದನ್ನೇ ತೋಟಕ್ಕೆ ಸಿಂಪಡಿಸುತ್ತಾರೆ. ಮೆಣಸಿನ ಬಳ್ಳಿಯ ಬುಡಕ್ಕೆ ಬೇವಿನ ಹಿಂಡಿ, ಸಗಣಿ ಗೊಬ್ಬರದ ಜೊತೆ ಹಾಕುವ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಬೇರೆ ರೋಗಾಣುಗಳನ್ನು ಹತ್ತಿಕ್ಕುತ್ತದೆ. ಒಂದು ತಿದ್ದುಪಡಿ ಮಾತ್ರ: ಮೆಣಸಿನ ಸೊರಗು ರೋಗವನ್ನೂ ಶಿಲೀಂಧ್ರ ಅಂದರು. ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ಅದನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರ ಅಲ್ಲ, ನೋಡಲು ಹಾಗಿದ್ದರೂ ಬೇರೆ ಕುಲ. ಮಕ್ಕಳಿಗೆ ಹೇಳುವಾಗ ಸರಿಯಾಗಿ ಹೇಳಿದರೆ ಒಳ್ಳೆಯದು.

ಸಣ್ಣವರಿಗೆ ಹೆಚ್ಚು ಖುಷಿ ಕೊಟ್ಟದ್ದು ಹಕ್ಕಿಗೂಡು ಅಣಬೆ. ಕೊಳೆತ ಕಡ್ಡಿಗಳ ಮೇಲೆ ಬೆರಳಿನ ಉಗುರಿಗಿಂತ ಚಿಕ್ಕ ಬಟ್ಟಲುಗಳು, ಒಳಗೆ ಬೂದು ಬಣ್ಣದ ಪುಟ್ಟ ಮೊಟ್ಟೆಗಳು. ಆ ಮೊಟ್ಟೆಗಳಲ್ಲಿ ಬೀಜಾಣು ಇರುತ್ತದೆ. ಮಳೆಹನಿ ಬಟ್ಟಲಿಗೆ ಸರಿಯಾಗಿ ಬಿದ್ದರೆ ಮೊಟ್ಟೆ ಹೊರಗೆ ಸಿಡಿಯುತ್ತದೆ. ಮಕ್ಕಳ ಕೈಗೆ ಇಂಕ್ ಫಿಲ್ಲರ್ ಕೊಟ್ಟು, ಎತ್ತರದಿಂದ ಹನಿ ಬಿಡಲು ಹೇಳಿದರು. ಗುರಿ ತಪ್ಪಿದ್ದೇ ಜಾಸ್ತಿ. ಒಂದು ಸಲ ಟಪ್ ಅಂತ ಸಿಡಿದು ಒಬ್ಬನ ರೈನ್‌ಕೋಟಿಗೆ ಅಂಟಿಕೊಂಡಿತು. ಅದನ್ನು ಅವನು ಮನೆ ತನಕ ತೆಗೆಯಲು ಬಿಡಲಿಲ್ಲ.

ದಾರಿಯಲ್ಲಿ ಸಿಲ್ವರ್ ಓಕ್ ತೊಗಟೆಯ ಮೇಲಿನ ಕಲ್ಲುಹೂವು (ಬಿರಿಯಾನಿ ಮಸಾಲೆಗೆ ಹಾಕುವ ಜಾತಿ ಅಲ್ಲ, ಅದರ ನೆಂಟ) ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಸಂಸಾರ ಮಾಡುವುದರಿಂದ ಆಗಿದ್ದು ಅಂತ ತೋರಿಸಿದರು. ಪಕ್ಕದ ದೇವರಕಾಡಿಗೆ ಕರೆದುಕೊಂಡು ಹೋಗಲಿಲ್ಲ, ಹೊರಗಿನಿಂದಲೇ ತೋರಿಸಿದರು. ಅದು ಸರಿ. ಕೊಡಗಿನ ದೇವರಕಾಡು, ಕಾಫಿ ತೋಟ, ಮೀಸಲು ಅರಣ್ಯ ಮೂರರಲ್ಲೂ ಅಣಬೆಗಳ ಸಮೀಕ್ಷೆ ಮಾಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಗಿದೆ. ಇಷ್ಟು ಹತ್ತಿರದ ವಿಷಯ ಮಕ್ಕಳಿಗೆ ಹೇಳಲೇ ಇಲ್ಲವಲ್ಲ, ಅದು ಬೇಜಾರು.

ಊಟ ಚೆನ್ನಾಗಿತ್ತು. ಅಕ್ಕಿ ರೊಟ್ಟಿ, ಅನ್ನ, ಸಾರು, ಬಟನ್ ಅಣಬೆ ಪಲ್ಯ. ಅಣಬೆ ಅಂಗಡಿಯ ಪ್ಯಾಕೆಟ್ಟಿನದು. ಒಬ್ಬ ಟೀಚರ್ "ಇಷ್ಟು ದೂರ ಬಂದು ಪ್ಯಾಕೆಟ್ ಅಣಬೆನಾ" ಅಂದರು. ನನ್ನ ಪ್ರಕಾರ ಅದೇ ಸರಿ. ಕಾಡಿನದ್ದನ್ನು ಊರಿನ ಮಕ್ಕಳಿಗೆಲ್ಲ ಬಡಿಸುವ ಧೈರ್ಯ ಯಾರೂ ಮಾಡಬಾರದು.

ಇನ್ನು ಸ್ಲೈಡ್ ಶೋ. ಹೊರಗೆ ಅಷ್ಟು ಒಳ್ಳೆಯ ಕೆಲಸ ಮಾಡಿದವರು ಒಳಗೆ ಬಂದ ತಕ್ಷಣ ಇಂಟರ್ನೆಟ್ಟಿನಿಂದ ಇಳಿಸಿದ್ದನ್ನು ಹಾಕಿಬಿಟ್ಟರು. ಕೆಂಪು ಟೋಪಿಗೆ ಬಿಳಿ ಚುಕ್ಕೆ ಇರುವ ಅಣಬೆಯ ಚಿತ್ರವೇ ನಾಲ್ಕು ಕಡೆ. ಅದು ನಮ್ಮ ಕಾಫಿ ತೋಟದಲ್ಲಿ ಬೆಳೆಯುವುದಲ್ಲ, ಬರ್ಚ್, ಪೈನ್ ಮರಗಳ ಜೊತೆಗಾರ. ಇಡ್ಲಿ ಹಿಟ್ಟು ಉಬ್ಬುವುದು ಶಿಲೀಂಧ್ರದಿಂದ ಅಂತ ಇನ್ನೊಂದು ಸ್ಲೈಡ್. ಇಡ್ಲಿಯಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾದ್ದು. ಯೀಸ್ಟ್ ಬೇಕಿದ್ದರೆ ಬ್ರೆಡ್ಡಿನ ಉದಾಹರಣೆ ಕೊಡಿ. ಕೊಡಗಿನಲ್ಲಿ ಮನೆ ವೈನ್ ಬಾಟಲಿ ನೋಡದ ಮಕ್ಕಳಿಲ್ಲ, ಅದೂ ಯೀಸ್ಟೇ, ಆದರೆ ಶಾಲೆ ಕಾರ್ಯಕ್ರಮ ಅಂತ ಬಿಟ್ಟಿರಬಹುದು.

ಮರಗಳು ಶಿಲೀಂಧ್ರದ ಜಾಲದ ಮೂಲಕ ಮಾತಾಡಿಕೊಳ್ಳುತ್ತವೆ, ತಾಯಿ ಮರ ಮರಿಗಳಿಗೆ ಊಟ ಕಳಿಸುತ್ತದೆ ಅನ್ನುವ ವಿಡಿಯೋ ಹಾಕಿದರು. ಮಕ್ಕಳು ಕಣ್ಣರಳಿಸಿ ನೋಡಿದರು, ನಿಜ. ಆದರೆ ಇದನ್ನು ಸಿದ್ಧವಾದ ಸತ್ಯ ಅನ್ನುವ ಹಾಗೆ ಹೇಳಬಾರದು. ಇದಕ್ಕೆ ಮೂಲ ಅರಣ್ಯ ವಿಜ್ಞಾನಿ ಸುಝಾನ್ ಸಿಮಾರ್ಡ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಪ್ರಯೋಗ. ಕೆನಡಾದ ಕಾಡಿನಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ದಾಟುವುದನ್ನು ಅವರು ಅಳೆದಿದ್ದರು. ಅದರ ಮೇಲೆ ಜನ ಕಟ್ಟಿದ ಕಥೆಗಳಿಗೆ ಕಾಡಿನಲ್ಲಿ ಸಾಕಷ್ಟು ಪುರಾವೆ ಇಲ್ಲ ಅಂತ ಇದೇ ಕ್ಷೇತ್ರದ ವಿಜ್ಞಾನಿಗಳು 2023ರಲ್ಲಿ ಬರೆದಿದ್ದಾರೆ. ಗಟ್ಟಿಯಾಗಿ ಗೊತ್ತಿರುವುದೇ ಸಾಕಷ್ಟಿದೆ: ನೆಲದ ಮೇಲಿನ ಹೆಚ್ಚಿನ ಗಿಡಗಳ ಬೇರಿನಲ್ಲಿ ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ, ರಂಜಕ ಮತ್ತು ನೀರು ಎಳೆದು ಕೊಡುತ್ತದೆ, ಬದಲಿಗೆ ಸಕ್ಕರೆ ತೆಗೆದುಕೊಳ್ಳುತ್ತದೆ. ಕಾಫಿಗೂ ಇದೆ, ಮೆಣಸಿಗೂ ಇದೆ. ಅವುಗಳದ್ದು ಅಣಬೆ ಬಿಡುವ ಜಾತಿ ಅಲ್ಲ, ಬೇರಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಕಾಣುತ್ತದೆ. ಪ್ರೊಜೆಕ್ಟರ್ ಇಡುವ ಜಾಗದಲ್ಲಿ ಒಂದು ಮೈಕ್ರೋಸ್ಕೋಪ್ ಇಟ್ಟು ಆ ಕಾಫಿ ಬೇರನ್ನು ತೋರಿಸಿ ಸ್ವಾಮಿ. ಕೆನಡಾ ಯಾಕೆ ಬೇಕು?

ಈಗ ಆ ಸಿಟ್ಟಿನ ವಿಷಯ. ನಡಿಗೆಯ ಮಧ್ಯೆ ಗುಂಪು ಎರಡಾಗಿತ್ತು. ನಮ್ಮ ಗುಂಪಿನ ಜೊತೆ ಇದ್ದ ಸಹಾಯಕರನ್ನು ಒಬ್ಬ ಹುಡುಗ, "ವಿಷದ ಅಣಬೆ ಅಂತ ಹೇಗೆ ಗೊತ್ತಾಗುತ್ತೆ ಅಣ್ಣ?" ಅಂತ ಕೇಳಿದ. ಅವರು ಆರಾಮಾಗಿ, "ಬೇಯಿಸುವಾಗ ಬೆಳ್ಳಿ ಚಮಚ ಹಾಕಿ, ಕಪ್ಪಾದರೆ ವಿಷ. ಅರಿಶಿನ ಹಾಕಿದರೂ ಬಣ್ಣ ಬದಲಾಗುತ್ತೆ. ಹುಳು ತಿಂದಿದ್ದರೆ ನಾವೂ ತಿನ್ನಬಹುದು" ಅಂದುಬಿಟ್ಟರು. ನಾನು ಅಲ್ಲೇ ತಡೆದೆ. ಈ ಮೂರೂ ಶುದ್ಧ ಸುಳ್ಳು. ವಿಷದ ಅಣಬೆಯನ್ನು ಹಿಡಿದುಕೊಡುವ ಅಡುಗೆಮನೆ ಪರೀಕ್ಷೆ ಅಂತ ಒಂದೂ ಇಲ್ಲ. ಅಮಾನಿಟಾ ಗುಂಪಿನ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಬೇಯಿಸಿದರೂ, ಹುರಿದರೂ, ಒಣಗಿಸಿದರೂ ಹೋಗುವುದಿಲ್ಲ. ತಿಂದ ತಕ್ಷಣ ಏನೂ ಆಗುವುದಿಲ್ಲ, ಆರು ಗಂಟೆಯೋ ಅದಕ್ಕಿಂತ ತಡವಾಗಿಯೋ ವಾಂತಿ ಭೇದಿ ಶುರು. ಆಮೇಲೆ ಕಡಿಮೆಯಾದ ಹಾಗೆ ಕಾಣುತ್ತದೆ, ಜನ ಹುಷಾರಾಯಿತು ಅಂದುಕೊಳ್ಳುತ್ತಾರೆ, ಅಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ಹುಳಕ್ಕೆ ಏನೂ ಮಾಡದ ವಿಷ ನಮ್ಮನ್ನು ಕೊಲ್ಲಬಹುದು. ಯಾರಾದರೂ ತಿಂದು ಅನುಮಾನ ಬಂದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಿರಿ.

ಮುಖ್ಯ ಗೈಡ್ ಬಂದು ಎಲ್ಲ ಮಕ್ಕಳ ಮುಂದೆ ತಿದ್ದಿ ಹೇಳಿದರು, ಅದಕ್ಕೆ ನಾಲ್ಕು ಉಳಿಯಿತು. ಇಲ್ಲದಿದ್ದರೆ ಎರಡು. ಸಾಯಂಕಾಲ ಮನೆಗೆ ಹೋಗಿ ಬೆಳ್ಳಿ ಚಮಚ ಹುಡುಕುವ ವಯಸ್ಸು ಆ ಮಕ್ಕಳದ್ದು. ಅಜ್ಜಿಗೆ ಯಾವುದು ತಿನ್ನುವುದು ಅಂತ ಗೊತ್ತು, ಅದು ಜನ್ಮವಿಡೀ ಅದೇ ಜಾಗದಲ್ಲಿ ಅದೇ ಅಣಬೆ ನೋಡಿ ಬಂದ ತಿಳಿವಳಿಕೆ, ಒಂದು ದಿನದ ಪ್ರವಾಸದಲ್ಲಿ ಕೈ ದಾಟಿಸುವಂಥದ್ದಲ್ಲ. ಮಕ್ಕಳಿಗೆ ಹೇಳಬೇಕಾದದ್ದು ಇಷ್ಟೇ: ಮುಟ್ಟಿ, ಮೂಸಿ, ನೋಡಿ, ಮುಟ್ಟಿದರೆ ವಿಷ ಏರುವುದಿಲ್ಲ, ಬಾಯಿಗೆ ಹಾಕಬೇಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಹೊರಡುವಾಗ ಶಾಲೆಗೆ ಎರಡು ಚಿಪ್ಪು ಅಣಬೆ ಚೀಲ ಕೊಡುತ್ತಾರೆ, ಬೆಲೆ ಮಕ್ಕಳ ಫೀಸಿನಲ್ಲೇ ಸೇರಿದೆ. ಬೇಯಿಸಿದ ಭತ್ತದ ಹುಲ್ಲಿನ ಪದರಗಳ ನಡುವೆ ಅಣಬೆ ಬೀಜ ಹಾಕಿ ಕಟ್ಟಿದ ಪ್ಲಾಸ್ಟಿಕ್ ಚೀಲ. ಜೊತೆಗಿನ ಸೂಚನೆ ಬರೀ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಗಳಿಗೆ ಕೊಡುವ ಚೀಲಕ್ಕೆ ಕನ್ನಡ ಸೂಚನೆ ಹಾಕಲು ಏನು ಕಷ್ಟ? ನಮ್ಮ ಎಂಟನೇ ತರಗತಿಯವರೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಆಟದ ಸಾಮಾನಿನ ಕೋಣೆಯಲ್ಲಿ ಕತ್ತಲಲ್ಲಿ ತೂಗುಹಾಕಿದೆವು. ಒಂದು ಚೀಲ ಎರಡು ವಾರ ಕಳೆಯುತ್ತಿದ್ದಂತೆ ಪೂರ್ತಿ ಬೆಳ್ಳಗಾಯಿತು, ತೂತು ಮಾಡಿ ದಿನಾ ನೀರು ಚಿಮುಕಿಸಿದರೆ ಗೊಂಚಲು ಗೊಂಚಲಾಗಿ ಅಣಬೆ ಬಂತು. ಇನ್ನೊಂದರಲ್ಲಿ ಒಂದು ಮೂಲೆಯಿಂದ ಹಸಿರು ಬೂಷ್ಟು ಹಬ್ಬಿ ಬಿಳಿ ಎಳೆಗಳನ್ನು ತಿಂದುಹಾಕಿತು. ಫೋಟೋ ಕಳಿಸಿದರೆ ಗೈಡ್ ಹೇಳಿದರು, ಅದು ಟ್ರೈಕೋಡರ್ಮಾ. ಮೆಣಸಿನ ಬುಡಕ್ಕೆ ದುಡ್ಡು ಕೊಟ್ಟು ತಂದು ಹಾಕುವುದೇ ಇಲ್ಲಿ ಕಳ್ಳನ ಹಾಗೆ ನುಗ್ಗಿದೆ! ಮಿತ್ರನಾ ಶತ್ರುವಾ ಅಂತ ಆ ವಾರ ಕ್ಲಾಸಿನಲ್ಲಿ ದೊಡ್ಡ ಜಗಳ ನಡೆಯಿತು. ಹಾಳಾದ ಚೀಲ ನನ್ನ ಪಾಠಕ್ಕೆ ಹೆಚ್ಚು ಉಪಯೋಗಕ್ಕೆ ಬಂತು ಅಂದರೆ ತಪ್ಪಿಲ್ಲ, ಆದರೂ ಹೊಸ ಚೀಲ ಕಳಿಸಿಕೊಟ್ಟರು.

ಹೋಗುವವರಿಗೆ ಒಂದಿಷ್ಟು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ನಡೆಸುತ್ತಾರೆ, ಹುತ್ತದ ಅಣಬೆ ಮಾತ್ರ ಹೇಳಿದ ದಿನ ಏಳುವುದಿಲ್ಲ, ಅದಕ್ಕೆ ಅವರನ್ನು ಬೈಯಬೇಡಿ. ಜಿಗಣೆ ಇದ್ದೇ ಇದೆ, ಉದ್ದ ಸಾಕ್ಸ್, ಉಪ್ಪು ಇರಲಿ. ಕೊಡೆಗಿಂತ ರೈನ್‌ಕೋಟ್ ವಾಸಿ, ಎರಡೂ ಕೈ ಖಾಲಿ ಇರುತ್ತದೆ. ಹಿಂದಿನ ರಾತ್ರಿ ತೋಟದಲ್ಲಿ ಆನೆ ಇತ್ತಾ ಅಂತ ಬೆಳಿಗ್ಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಬುಕ್ ಮಾಡುವಾಗಲೇ ಎರಡು ಮಾತು ಹೇಳಿಬಿಡಿ: ಸ್ಲೈಡ್ ಶೋ ಬೇಡ, ಆ ಸಮಯವನ್ನು ಅಜ್ಜಿಗೆ ಕೊಡಿ. ದೊಡ್ಡ ಬಸ್ಸು ಗೇಟಿನ ತನಕ ಹೋಗುವುದಿಲ್ಲ, ಮುಖ್ಯರಸ್ತೆಯಲ್ಲೇ ಇಳಿಸಿದರೆ ಅವರದೇ ಜೀಪು ಬರುತ್ತದೆ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.